ವ್ಯಾನಿನಲ್ಲಿ ಮಲಗುವವರು ಎರಡು ಕಿಟಕಿ ತೆರೆದಿಡಿ

ಈಕೊದಂಥ ಪುಟ್ಟ ವ್ಯಾನನ್ನೇ ಮನೆ ಮಾಡಿಕೊಂಡು ಗೋವಾ ಸುತ್ತುವವರು ರಾತ್ರಿ ಮುಂದಿನ ಎರಡೂ ಕಿಟಕಿಗಳನ್ನು ನಾಲ್ಕು ಬೆರಳಷ್ಟು ಇಳಿಸಿ. ಬಾಗಿಲಿನ ಮೇಲೆ ಸೊಳ್ಳೆಪರದೆ ಬಟ್ಟೆ ಇಳಿಬಿಟ್ಟು, ಅಂಚು ಸಿಕ್ಕಿಕೊಳ್ಳುವಂತೆ ಬಾಗಿಲು ಮುಚ್ಚಿ. ಕೆಳಗಿನ ಅಂಚಿಗೆ ಸಣ್ಣ ಅಯಸ್ಕಾಂತ ಸಾಕು. ನಮ್ಮ ಉಸಿರಿನ ತೇವವೇ ತಣ್ಣನೆಯ ಗಾಜಿಗೆ ತಾಗಿ ನೀರಾಗಿ ಹಾಸಿಗೆಗೆ ಇಳಿಯುವುದು, ಅಲ್ವಾ? ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋದರೆ ಆ ತೇವವೂ ಹೊರಗೆ ಹೋಗುತ್ತದೆ. ಏಸಿಗಾಗಿ ಎಂಜಿನ್ ಓಡಿಸಿ ಸುಮ್ನೆ ಪೆಟ್ರೋಲ್ ಸುಡುವುದೂ ತಪ್ಪುತ್ತದೆ. ನಿಂತ ಗಾಡಿಯಲ್ಲಿ ಎಂಜಿನ್ ಹಾಕಿಕೊಂಡು ಮಲಗುವುದಂತೂ ಜೀವಕ್ಕೇ ಅಪಾಯ, ಹೊಗೆಯ ವಿಷಗಾಳಿ ಒಳಗೆ ಬಂದರೆ ಗೊತ್ತೇ ಆಗುವುದಿಲ್ಲ. ದಯವಿಟ್ಟು ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯಲ್ಲೇ ತೇವ ಜಾಸ್ತಿ, ಆಗ ಈ ಉಪಾಯದಿಂದ ಹೆಚ್ಚು ಪ್ರಯೋಜನವಿಲ್ಲ. ಗಾಳಿಯೇ ಆಡದ ರಾತ್ರಿ ಒಂದು ಯುಎಸ್‌ಬಿ ಫ್ಯಾನನ್ನು ಕಿಟಕಿಯ ಕಡೆ ತಿರುಗಿಸಿಡಿ.