ಹಳೆ ಮನೆಯ ರೇಡಿಯೇಟರ್ ಪೈಪು ಬದಲಿಸುವುದು: ಕೆಲಸದಲ್ಲಿ ಕಂಡುಕೊಂಡದ್ದು

ಹಳೆ ಮನೆಯಲ್ಲಿ ರೇಡಿಯೇಟರ್‌ಗೆ ಬಿಸಿನೀರು ಒಯ್ಯುವ ದಪ್ಪ ಕಬ್ಬಿಣದ ಪೈಪು ಕಂಡಾಗ, ಅದೇ ಅಳತೆಯ ಹೊಸದನ್ನು ತಂದು ಹಾಕಿಬಿಡೋಣ ಅನಿಸುತ್ತದೆ. ಬೇಡ. ಒಂದೂವರೆ, ಎರಡು ಇಂಚಿನ ಆ ಪೈಪುಗಳು ಪಂಪ್ ಇಲ್ಲದ ಕಾಲದವು. ಕಾದ ನೀರು ಹಗುರಾಗಿ ಮೇಲೇರಬೇಕು, ತಣಿದದ್ದು ಭಾರವಾಗಿ ಕೆಳಗಿಳಿಯಬೇಕು. ಅಷ್ಟು ಸಣ್ಣ ಬಲದಲ್ಲೇ ಮನೆಯೆಲ್ಲ ಸುತ್ತಬೇಕಿದ್ದರಿಂದ ಪೈಪು ದಪ್ಪ ಇತ್ತು, ಇಳಿಜಾರಾಗಿಯೂ ಇತ್ತು. ಈಗ ಪಂಪ್ ತಳ್ಳುತ್ತದೆ. ಹೊಸ ಪೈಪು ಎಷ್ಟು ದಪ್ಪ ಇರಬೇಕೆಂದು ಹೇಳಬೇಕಾದ್ದು ಕೋಣೆಗೆ ಬೇಕಾದ ಶಾಖ, ಗೋಡೆಯಲ್ಲಿರುವ ಹಳೆ ಪೈಪಲ್ಲ.

ಲೆಕ್ಕ ಕಷ್ಟದ್ದಲ್ಲ. ಬೇಕಾದ ಕಿಲೋವಾಟ್‌ ಅನ್ನು 4.2ರಿಂದ ಭಾಗಿಸಿ, ಬಂದದ್ದನ್ನು ಹೋಗುವ ನೀರು ಮತ್ತು ಮರಳುವ ನೀರಿನ ಉಷ್ಣತೆಯ ಅಂತರದಿಂದ ಮತ್ತೆ ಭಾಗಿಸಿ. ಸೆಕೆಂಡಿಗೆ ಎಷ್ಟು ಲೀಟರ್ ಹರಿಯಬೇಕೆಂಬುದು ಸಿಗುತ್ತದೆ. 1.5 ಕಿಲೋವಾಟ್‌ನ ರೇಡಿಯೇಟರ್‌ಗೆ 20 ಡಿಗ್ರಿ ಅಂತರ ಇಟ್ಟರೆ ನಿಮಿಷಕ್ಕೆ ಸುಮಾರು ಒಂದು ಲೀಟರ್ ನೀರು ಸಾಕು. ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸಿನಲ್ಲಿದ್ದರೆ ಪೈಪು ಸದ್ದು ಮಾಡುವುದಿಲ್ಲ. ಆ ವೇಗಕ್ಕೆ 15 ಮಿ.ಮೀ. ತಾಮ್ರದ ಪೈಪು 6 ಕಿಲೋವಾಟ್, 22 ಮಿ.ಮೀ. 13, 28 ಮಿ.ಮೀ. 22 ಕಿಲೋವಾಟ್ ಹೊರುತ್ತದೆ. ಮುಂದೆ ಹೀಟ್ ಪಂಪ್ (ಹೊರಗಿನ ಗಾಳಿ ಅಥವಾ ನೆಲದ ಶಾಖ ಎಳೆದು ಮನೆ ಕಾಯಿಸುವ ಯಂತ್ರ) ಹಾಕಿಸುವ ಯೋಚನೆ ಇದ್ದರೆ ಅಂತರ 5 ಡಿಗ್ರಿಗೆ ಇಳಿಯುತ್ತದೆ, ಪೈಪು ಹೊರುವುದೂ ಕಾಲು ಭಾಗಕ್ಕೆ ಇಳಿಯುತ್ತದೆ. 15 ಮಿ.ಮೀ. ಪೈಪಿಗೆ ಆಗ 1.5 ಕಿಲೋವಾಟ್ ಮಾತ್ರ ಸಾಧ್ಯ. ನೆಲ ಬಿಚ್ಚಿದಾಗಲೇ ಒಂದು ಅಳತೆ ದೊಡ್ಡದು ಹಾಕಿಬಿಡುವುದು ಒಳ್ಳೆಯದು. ಪದರದ ಪ್ಲಾಸ್ಟಿಕ್ ಪೈಪು ತರುವವರು ಒಳ ಅಳತೆ ನೋಡಿಕೊಳ್ಳಬೇಕು: ಹೆಸರಿಗೆ 16 ಮಿ.ಮೀ., ಒಳಗೆ ಸಾಮಾನ್ಯವಾಗಿ 12. ಫಿಟ್ಟಿಂಗ್ ಒಳಗೆ ಅದು ಇನ್ನೂ ಕಿರಿದಾಗುತ್ತದೆ.

ಅಲ್ಲಲ್ಲಿ ತೇಪೆ ಹಾಕುವುದು ಇನ್ನೊಂದು ತೊಂದರೆ. ಹಳೆ ದಪ್ಪ ಪೈಪಿನ ಜಾಲದಲ್ಲಿ ಒಂದೇ ಕೋಣೆಗೆ 15 ಮಿ.ಮೀ. ಎಳೆದರೆ ನೀರು ಆ ಕಡೆ ತಿರುಗುವುದೇ ಇಲ್ಲ, ಸಲೀಸಾದ ದಪ್ಪ ದಾರಿಯಲ್ಲೇ ಹರಿದುಹೋಗುತ್ತದೆ. ಹೊಸ ಪೈಪು ಹಾಕಿದ ಕೋಣೆಯೇ ತಣ್ಣಗಿರುತ್ತದೆ. ಬದಲಿಸುವುದಾದರೆ ಬಾಯ್ಲರ್‌ನಿಂದ ಹೊರಟು ಬಾಯ್ಲರ್‌ಗೆ ಮರಳುವ ಒಂದು ಪೂರ್ತಿ ಸುತ್ತನ್ನು ಬದಲಿಸಿ.

ಕತ್ತರಿಸುವ ಮೊದಲು ನೋಡಲೇಬೇಕಾದ ಕೆಲವು ಸಂಗತಿಗಳಿವೆ. ರೇಡಿಯೇಟರ್ ಪಕ್ಕದಲ್ಲಿ ಗಾಳಿ ಉಸಿರಾಡುವ ಸಣ್ಣ ವಾಲ್ವ್ ಇದ್ದು, ಬರುವುದೂ ಹೋಗುವುದೂ ಒಂದೇ ಪೈಪಾಗಿದ್ದರೆ ಅದು ಹಬೆಯ ವ್ಯವಸ್ಥೆ ಇರಬಹುದು. ಇಲ್ಲಿ ಹೇಳಿದ ಯಾವುದೂ ಅದಕ್ಕೆ ಹೊಂದುವುದಿಲ್ಲ. ಪೈಪಿನ ಮೇಲೆ ಬೂದು ಬಣ್ಣದ ಪ್ಲಾಸ್ಟರ್‌ನಂಥ, ಬಟ್ಟೆ ಸುತ್ತಿದ ಹೊದಿಕೆ ಕಂಡರೆ ಕಲ್ನಾರು ಎಂದೇ ತಿಳಿದು ಕೈ ಹಾಕಬೇಡಿ. ಮಾದರಿ ಪರೀಕ್ಷೆ ಆಗಬೇಕು, ತೆಗೆಯುವುದನ್ನು ಅದರಲ್ಲಿ ಪಳಗಿದವರಿಗೇ ಬಿಡಬೇಕು. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಆದ್ದರಿಂದ ಒಣ ಉಜ್ಜುವಿಕೆ ಬೇಡ.

ನೀರು ಖಾಲಿ ಮಾಡುವಾಗ ಬಾಯ್ಲರ್ ಆರಿಸಿ, ತಣಿಯಲು ಬಿಟ್ಟು, ನೀರು ತುಂಬುವ ನಲ್ಲಿ ಮುಚ್ಚಿ, ಅತಿ ಕೆಳಗಿನ ನಲ್ಲಿಗೆ ಹೋಸ್ ಕಟ್ಟಿ. ಆಮೇಲೆ ಮೇಲಿನ ಮಹಡಿಯಿಂದ ಗಾಳಿ ವಾಲ್ವ್ ತೆರೆಯುತ್ತ ಬನ್ನಿ. ಎಲ್ಲ ಇಳಿಯಿತು ಅನಿಸಿದ ಮೇಲೂ ತಗ್ಗಿನ ತಿರುವಿನಲ್ಲಿ ಮಸಿಯಂಥ ರಾಡಿ ನಿಂತೇ ಇರುತ್ತದೆ, ಬಕೆಟ್ ಹತ್ತಿರ ಇರಲಿ.

ಕತ್ತರಿಸಿದ ತುಂಡಿನ ಒಳಗನ್ನು ಬೆಳಕಿಗೆ ಹಿಡಿದು ನೋಡುವುದನ್ನು ನಾನು ಬಿಡುವುದಿಲ್ಲ. ಗೋಡೆಗೆ ತೆಳ್ಳಗೆ ಅಂಟಿದ ಕಪ್ಪು ಪುಡಿ, ಅಯಸ್ಕಾಂತ ಹಿಡಿದರೆ ಎದ್ದು ನಿಲ್ಲುವಂಥದ್ದು, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್; ಮುಚ್ಚಿದ ವ್ಯವಸ್ಥೆಯಲ್ಲಿ ಅದು ಸಾಮಾನ್ಯ. ಕೆಂಪು ತುಕ್ಕು ಚಕ್ಕೆಚಕ್ಕೆಯಾಗಿ ಏಳುತ್ತಿದ್ದರೆ ನೀರಿಗೆ ಹೊಸ ಆಮ್ಲಜನಕ ಸೇರುತ್ತಲೇ ಇದೆ ಎಂದರ್ಥ. ಎಲ್ಲೋ ಸೋರುತ್ತಿದೆ, ಯಾರೋ ಪದೇ ಪದೇ ನೀರು ತುಂಬುತ್ತಿದ್ದಾರೆ, ಇಲ್ಲವೇ ಮೇಲಿನ ತೆರೆದ ತೊಟ್ಟಿಯಿಂದ ಗಾಳಿ ಒಳಬರುತ್ತಿದೆ. ಆ ಕಾರಣ ಹುಡುಕದೆ ಹೊಸ ಪೈಪು ಹಾಕಿದರೆ ಉಳಿದ ರೇಡಿಯೇಟರ್‌ಗಳು ಒಳಗಿಂದ ತೂತಾಗುತ್ತವೆ.

ತುಕ್ಕು ಹಿಡಿದ ಥ್ರೆಡ್ ಬಿಚ್ಚಲು ಯಾವತ್ತೂ ಎರಡು ಪೈಪ್ ರೆಂಚ್: ಒಂದು ತಿರುಗಿಸಲು, ಇನ್ನೊಂದು ಆಚೆ ಬದಿ ಅಲುಗದಂತೆ ಹಿಡಿಯಲು. ಒಂದೇ ರೆಂಚಿನಲ್ಲಿ ಎಳೆದರೆ ಕಣ್ಣಿಗೆ ಕಾಣದ, ಗೋಡೆಯೊಳಗಿನ ಜೋಡಣೆ ಸಡಿಲವಾಗುತ್ತದೆ. ಉಳಿಸಿಕೊಳ್ಳುವ ಫಿಟ್ಟಿಂಗ್ ಪಕ್ಕದಲ್ಲಿ ಒಂದು ಗೇಣು ಪೈಪು ಬಿಟ್ಟು ಕತ್ತರಿಸಿ. ಬುಡಕ್ಕೇ ಕತ್ತರಿಸಿದರೆ ಆಮೇಲೆ ರೆಂಚ್ ಹಿಡಿಯಲು ಜಾಗ ಸಿಗದು. ಎರಕದ ಕಬ್ಬಿಣದ ರೇಡಿಯೇಟರ್‌ನ ಒಂದು ಬದಿಯ ಬುಷ್ ಎಡಮರೆಯ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುವ, ಥ್ರೆಡ್‌ನದಾಗಿರಬಹುದು. ಬಲ ಹಾಕುವ ಮೊದಲು ಅದನ್ನು ನೋಡಿ, ಎರಕ ಬಾಗುವುದಿಲ್ಲ, ಒಡೆಯುತ್ತದೆ.

ಪೈಪಿನ ಆಯ್ಕೆಯಲ್ಲಿ ನನ್ನ ಒಲವು ಹೀಗೆ: ಕಾಣುವ ಕಡೆ ತಾಮ್ರ, ನೆಲದಡಿ ಅಲ್ಯೂಮಿನಿಯಂ ಪದರ ಇರುವ ಪ್ಲಾಸ್ಟಿಕ್, ಸಾಧ್ಯವಾದಷ್ಟೂ ನಡುವೆ ಜೋಡಣೆ ಇಲ್ಲದ ಒಂದೇ ಉದ್ದ. ಆಮ್ಲಜನಕ ತಡೆಯುವ ಪದರ ಇಲ್ಲದ ಸಾದಾ ಪೆಕ್ಸ್ (ಒಂದು ಬಗೆಯ ಪ್ಲಾಸ್ಟಿಕ್) ಪೈಪನ್ನು ಉಕ್ಕಿನ ರೇಡಿಯೇಟರ್‌ಗೆ ಕೊಡಲೇಬೇಡಿ. ನೀರು ಹೊರಗೆ ಸೋರದಿದ್ದರೂ ಪೈಪಿನ ಗೋಡೆಯ ಮೂಲಕ ಆಮ್ಲಜನಕ ಒಳಗಿಳಿಯುತ್ತದೆ.

ಹಳೆ ಹಲಗೆಗಳ ನಡುವೆ ಹತ್ತಾರು ವರ್ಷಗಳ ಒಣ ಧೂಳು ಕೂತಿರುತ್ತದೆ. ಅಲ್ಲಿ ಬೆಂಕಿ ಹಿಡಿದು ಬೆಸುಗೆ ಹಾಕುವುದಕ್ಕಿಂತ, ಉಪಕರಣದಿಂದ ಒತ್ತಿ ಕೂರಿಸುವ ಪ್ರೆಸ್ ಫಿಟ್ಟಿಂಗ್ ಮೇಲು. ಬೆಸುಗೆ ಅನಿವಾರ್ಯವಾದರೆ ಹಿಂದೆ ಶಾಖ ತಡೆಯುವ ಹಾಸು, ಕೈಗೆಟಕುವಂತೆ ಅಗ್ನಿಶಾಮಕ, ಮುಗಿದ ಮೇಲೂ ಒಂದು ಗಂಟೆ ಕಾವಲು ಬೇಕು. ಪ್ರೆಸ್ ಜೋಡಣೆ ಕೆಡುವುದು ಬಹುಮಟ್ಟಿಗೆ ಎರಡು ಕಾರಣಕ್ಕೆ. ಕತ್ತರಿಸಿದ ಅಂಚಿನ ಚೂಪು ಸಿಬಿರು ತೆಗೆಯದೆ ತುರುಕಿದರೆ ಒಳಗಿನ ರಬ್ಬರ್ ಉಂಗುರ ಸೀಳುತ್ತದೆ. ಪೈಪು ಪೂರ್ತಿ ಒಳಹೋಗದೆ ಒತ್ತಿದರೆ ಇವತ್ತು ಹಿಡಿದು ಮುಂದೊಂದು ದಿನ ಕಳಚುತ್ತದೆ. ಹಾಗಾಗಿ ಪ್ರತಿ ತುದಿಗೂ ಆಳದ ಗುರುತನ್ನು ಪೆನ್ನಿನಲ್ಲಿ ಹಾಕಿ, ಒತ್ತಿದ ಮೇಲೆ ಬೇರೆ ಬಣ್ಣದಲ್ಲಿ ಇನ್ನೊಂದು ಗೆರೆ ಎಳೆಯುತ್ತೇನೆ. ಎರಡನೇ ಗೆರೆ ಇಲ್ಲದ್ದನ್ನು ಒತ್ತಿಲ್ಲ ಎಂದು ಟಾರ್ಚ್ ಹಾಯಿಸಿದರೆ ಸಾಕು, ಗೊತ್ತಾಗುತ್ತದೆ.

ತೊಲೆಯಲ್ಲಿ ತೂತು ಕೊರೆಯುವುದಾದರೆ ಎತ್ತರದ ನಟ್ಟನಡುವೆ, ಎತ್ತರದ ಕಾಲು ಭಾಗಕ್ಕಿಂತ ದೊಡ್ಡದಾಗದಂತೆ. ಕೊನೆಯ ಅಳತೆ ಸ್ಥಳೀಯ ಕಟ್ಟಡ ನಿಯಮದ್ದು. ತೂತು ಪೈಪಿಗಿಂತ ಕೆಲವು ಮಿ.ಮೀ. ಅಗಲ ಇರಲಿ, ಒಳಗೆ ಫೆಲ್ಟ್ ಸುತ್ತಿ. ಹತ್ತು ಮೀಟರ್ ತಾಮ್ರ 50 ಡಿಗ್ರಿ ಕಾದರೆ 8.5 ಮಿ.ಮೀ. ಉದ್ದವಾಗುತ್ತದೆ. ಅಷ್ಟು ಸರಿಯಲು ಜಾಗ ಇಲ್ಲದಿದ್ದರೆ ಬಾಯ್ಲರ್ ಹತ್ತಿದಾಗಲೆಲ್ಲ ನೆಲ ಟಿಕ್ ಟಿಕ್ ಎನ್ನುತ್ತದೆ, ಆಗ ಅದನ್ನು ಸರಿಪಡಿಸಲು ನೆಲವನ್ನೇ ಬಿಚ್ಚಬೇಕು. ದಾರಿಯಲ್ಲಿ ಪೈಪು ಏರಿ ಇಳಿಯುವ ಉಬ್ಬುಗಳನ್ನೂ ತಪ್ಪಿಸಿ. ತಪ್ಪಿಸಲಾಗದ ಕಡೆ ಅದರ ನೆತ್ತಿಗೆ ಗಾಳಿ ಬಿಡುವ ವಾಲ್ವ್ ಇಡಿ.

ಪರೀಕ್ಷೆ ನೆಲ ತೆರೆದಿರುವಾಗಲೇ ಆಗಬೇಕು. ಬಾಯ್ಲರ್ ಮತ್ತು ಸುರಕ್ಷತಾ ವಾಲ್ವ್ ಬೇರ್ಪಡಿಸಿ, ಮೊದಲು ಕಡಿಮೆ ಒತ್ತಡದಲ್ಲಿ ನೋಡಿ. ಒತ್ತದೆ ಬಿಟ್ಟ ಜೋಡಣೆ ಹೆಚ್ಚಾಗಿ ಆಗಲೇ ಸೋರಿ ತೋರಿಸಿಕೊಡುತ್ತದೆ. ಆಮೇಲೆ ಗರಿಷ್ಠ ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಿ: 3 ಬಾರ್ ವ್ಯವಸ್ಥೆಗೆ 4.5. ಹಳೆ ರೇಡಿಯೇಟರ್ ಉಳಿಸಿಕೊಂಡಿದ್ದರೆ ಅವುಗಳನ್ನು ವಾಲ್ವ್‌ನಲ್ಲಿ ಮುಚ್ಚಿ, ಪೈಪನ್ನಷ್ಟೇ ಪರೀಕ್ಷಿಸಿ. ಪ್ಲಾಸ್ಟಿಕ್ ಪೈಪು ಮೊದಲಿಗೆ ಹಿಗ್ಗುವುದರಿಂದ ಒತ್ತಡ ಮಾಪಕದ ಮುಳ್ಳು ಇಳಿಯುತ್ತದೆ. ಮತ್ತೆ ಪಂಪು ಮಾಡಿ, ಅದು ನಿಂತಲ್ಲೇ ನಿಂತಿದೆಯೇ ನೋಡಿ.

ತುಂಬುವ ಮೊದಲು ನೀರು ತಿಳಿಯಾಗುವವರೆಗೂ ತೊಳೆಯಿರಿ. ಉಳಿದ ಫ್ಲಕ್ಸ್ (ಬೆಸುಗೆಗೆ ಮೊದಲು ಹಚ್ಚುವ ಲೇಪ) ತಾಮ್ರವನ್ನು ತಿನ್ನುತ್ತದೆ, ಉಳಿದ ರಾಡಿ ಹೊಸ ವಾಲ್ವ್‌ಗಳು ಕಟ್ಟಿಕೊಳ್ಳುವಂತೆ ಮಾಡುತ್ತದೆ. ಮರಳುವ ಪೈಪಿನಲ್ಲಿ ಬಾಯ್ಲರ್‌ಗಿಂತ ಮುಂಚೆ ಮ್ಯಾಗ್ನೆಟ್ ಫಿಲ್ಟರ್ ಕೂರಿಸಿ, ತುಕ್ಕು ತಡೆಯುವ ದ್ರಾವಣವನ್ನು ನೀರಿನ ಪ್ರಮಾಣಕ್ಕೆ ತಕ್ಕಂತೆ ಹಾಕಿ. ಎರಡು ಇಂಚಿನ ಪೈಪು ಮೀಟರಿಗೆ 2 ಲೀಟರ್‌ಗಿಂತ ಹೆಚ್ಚು ಹಿಡಿಯುತ್ತಿತ್ತು, 22 ಮಿ.ಮೀ. ತಾಮ್ರ ಹಿಡಿಯುವುದು 0.32 ಲೀಟರ್, ಹಳೆ ಲೆಕ್ಕದ ದ್ರಾವಣ ಸುರಿಯಬೇಡಿ. ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಶನ್ ವೆಸಲ್‌ನ ಗಾಳಿಯ ಒತ್ತಡವನ್ನು ನೀರಿಲ್ಲದಾಗ ಅಳೆಯಿರಿ: ಅದರಿಂದ ಅತಿ ಮೇಲಿನ ರೇಡಿಯೇಟರ್‌ವರೆಗಿನ ಎತ್ತರಕ್ಕೆ ಮೀಟರಿಗೆ 0.1 ಬಾರ್, ಅದರ ಮೇಲೆ ಇನ್ನೂ 0.2ರಿಂದ 0.3 ಬಾರ್ ಇರಬೇಕು.

ಇನ್ನು ಹೊಂದಿಸುವುದು. ಎಲ್ಲ ಲಾಕ್‌ಶೀಲ್ಡ್ ವಾಲ್ವ್ (ರೇಡಿಯೇಟರ್‌ನ ಹರಿವನ್ನು ಹೊಂದಿಸಿಡುವ, ಮುಚ್ಚಳ ಹಾಕಿದ ವಾಲ್ವ್) ಪೂರ್ತಿ ತೆರೆದು ಕಾಯಿಸಿ, ಮೊದಲು ಬಿಸಿಯಾದದ್ದು ಯಾವುದು ನೋಡಿ, ಅದನ್ನೇ ಮೊದಲು ಕಿರಿದುಮಾಡಿ. ಒಂದೊಂದು ಕಾಲು ಸುತ್ತು ತಿರುಗಿಸಿ, ನೀರು ನೆಲೆಗೊಳ್ಳಲು ಹತ್ತಿಪ್ಪತ್ತು ನಿಮಿಷ ಬಿಟ್ಟು, ಎರಡೂ ಪೈಪಿನ ಉಷ್ಣತೆ ಅಳೆಯಿರಿ. ಲೆಕ್ಕದಲ್ಲಿ ಇಟ್ಟ ಅಂತರ ಎಲ್ಲ ರೇಡಿಯೇಟರ್‌ಗಳಲ್ಲೂ ಹತ್ತಿರ ಹತ್ತಿರ ಬರಬೇಕು.

ನೆಲದ ಹಲಗೆಯನ್ನು ಮೊಳೆಯಲ್ಲ, ಸ್ಕ್ರೂ ಹಾಕಿ ಕೂರಿಸಿ, ಕೆಳಗೆ ಪೈಪು ಹಾದುಹೋಗುವ ಗೆರೆಯನ್ನು ಹಲಗೆಯ ಮೇಲೆ ಬರೆದು, ಮುಚ್ಚುವ ಮುನ್ನ ಅಳತೆಪಟ್ಟಿ ಸಮೇತ ಫೋಟೋ ತೆಗೆದಿಡಿ.