ಬಾಡದ ಮುತ್ತಲ ಎಲೆ ಮಾಡೋದು ಹೇಗೆ

ಕಲಬುರಗಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿದ ಹಳೇ ತೋಳ ಇದೆ. ಸುತ್ತ ನಮ್ಮ ಜಿಲ್ಲೆಯ ಚಿಂಚೋಳಿ ಕಾಡು ತೋರಿಸಬೇಕು, ಅದಕ್ಕೆ ಮುತ್ತಲ (ಮುತ್ತುಗ) ಗಿಡದ ಕೃತಕ ಎಲೆ ಬೇಕು. ನಿಜವಾದ ಕೊಂಬೆ ಮಾತ್ರ ಇಡಬೇಡಿ. ಬಣ್ಣ ಹೋಗುತ್ತದೆ, ಸಾಲದ್ದಕ್ಕೆ ಅದರ ಜೊತೆ ಹುಳ ಬಂದು ತೋಳದ ಚರ್ಮವನ್ನೂ ತಿನ್ನಬಹುದು.

ಹಿಂದೆ ದೊಡ್ಡ ಮ್ಯೂಸಿಯಂಗಳಲ್ಲಿ ಜೇನುಮೇಣ, ಹತ್ತಿ ಸೇರಿಸಿ ಎಲೆ ಮಾಡುತ್ತಿದ್ದರು. ತುಂಬ ಚಂದ ಕಾಣುತ್ತದೆ. ಆದರೆ ಮೇಣ ಕರಗುವುದು 62 ಡಿಗ್ರಿಗಾದರೂ ಮೆತ್ತಗಾಗುವುದು ಬಹಳ ಮೊದಲೇ. ನಮ್ಮ ಮೇ ತಿಂಗಳ ಬಿಸಿಲಿಗೆ, ಎಸಿ ಇಲ್ಲದ ಕೋಣೆಯಲ್ಲಿ ಅದು ಜೋತು ಬೀಳುತ್ತದೆ. ಹಾಗಾಗಿ ನನ್ನ ಆಯ್ಕೆ ಮಲ್ಮಲ್ ಬಟ್ಟೆ ಮತ್ತು ಫೆವಿಕಾಲ್.

ಬಲಿತ ಎಲೆ ತನ್ನಿ. ಮುತ್ತಲದ್ದು ಮೂರೆಲೆ. ನಡುವಿನದು ದುಂಡಗೆ, ಪಕ್ಕದ ಎರಡೂ ಸೊಟ್ಟ, ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದೇ ಅಚ್ಚಿನಲ್ಲಿ ಮೂರನ್ನೂ ತೆಗೆದರೆ ಹಳ್ಳಿಯ ಹುಡುಗರು ನಗುತ್ತಾರೆ. ಮೂರು ಅಚ್ಚು ಬೇಕೇ ಬೇಕು.

ಜೇಡಿಮಣ್ಣಿನ ಮೇಲೆ ಎಲೆಯನ್ನು ಬೋರಲಾಗಿಡಿ. ನರ ಎದ್ದು ಕಾಣುವುದು ಬೆನ್ನಿನಲ್ಲೇ ಅಲ್ವಾ? ಅಡಿಯಲ್ಲಿ ಮಣ್ಣು ತುಂಬಿ ಅದರ ಬಾಗು ಉಳಿಸಿ, ಸುತ್ತ ರಟ್ಟಿನ ಗೋಡೆ ಕಟ್ಟಿ. ನೀರಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಉದುರಿಸಿ, ಪ್ಲಾಸ್ಟರ್‌ಗೆ ನೀರು ಸುರಿಯಬೇಡಿ. ಮೊದಲ ಪದರವನ್ನು ಬ್ರಷ್‌ನಿಂದ ಸವರಿದರೆ ಗುಳ್ಳೆ ನಿಲ್ಲುವುದಿಲ್ಲ. ಗಟ್ಟಿಯಾದ ಮೇಲೆ ತಿರುಗಿಸಿ ಮಣ್ಣು ತೆಗೆಯಿರಿ, ಎಲೆ ಅಲ್ಲೇ ಇರಲಿ. ಪ್ಲಾಸ್ಟರ್‌ಗೆ ವ್ಯಾಸಲೀನ್ ಹಚ್ಚಿ, ಅಚ್ಚಿನ ಇನ್ನರ್ಧಕ್ಕೆ ಮತ್ತೆ ಪ್ಲಾಸ್ಟರ್ ಸುರಿಯಿರಿ.

ಗಟ್ಟಿಯಾದ ಮೇಲೆ ಬಿಡಿಸಿ ಎಲೆ ತೆಗೆಯಿರಿ, ಅಚ್ಚಿನ ಎರಡೂ ಅರ್ಧ ಪೂರ್ತಿ ಒಣಗಲಿ. ಒಳಗೆ ವ್ಯಾಸಲೀನ್ ತೆಳ್ಳಗೆ ಸವರಿ. ಹಸಿರು ಅಕ್ರಿಲಿಕ್ ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿದ ಎರಡು ಬಟ್ಟೆಗಳ ನಡುವೆ ತಾಮ್ರದ ತಂತಿ ಇಟ್ಟು ಒತ್ತಿ. ಕಬ್ಬಿಣದ ತಂತಿ ತುಕ್ಕು ಹಿಡಿದು ಕಲೆ ಬಿಡುತ್ತದೆ. ಅರ್ಧ ಒಣಗಿದಾಗ ತೆಗೆದು ಕತ್ತರಿಸಿ, ಜಿಡ್ಡು ಒರೆಸಿ.

ಜಾಸ್ತಿ ಸಮಯ ಬಣ್ಣಕ್ಕೆ ಕೊಡಿ. ಕಿತ್ತ ಎಲೆಯ ಬಣ್ಣ ಬೇಗ ಬದಲಾಗುತ್ತದೆ, ಗಿಡದ ಹತ್ತಿರವೇ ಕೂತು ಬಣ್ಣ ಹೊಂದಿಸಿ ಬರೆದುಕೊಳ್ಳಿ. ಮೇಲ್ಭಾಗ ಹೊಳಪು, ಬೆನ್ನು ಬೂದುಬಣ್ಣ, ಅಲ್ಲಿ ವಾರ್ನಿಶ್ ಬೇಡ. ಅಂಚು ಸ್ವಲ್ಪ ಕಂದಿರಲಿ, ಒಂದೆರಡು ಹುಳ ತಿಂದ ತೂತು ಇರಲಿ. ಕೊನೆಯ ಬಣ್ಣವನ್ನು ಪೆಟ್ಟಿಗೆಯ ದೀಪದ ಕೆಳಗೇ ಹಚ್ಚಿ.

ಕೆಂಪು ಹೂ ಇಡುವ ಆಸೆ ಎಲ್ಲರಿಗೂ. ಆದರೆ ಹೂ ಬಿಡುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಆಗ ಗಿಡ ಹೆಚ್ಚಾಗಿ ಬರಿದಾಗಿರುತ್ತದೆ. ಹಸಿರು ಎಲೆ ಇಟ್ಟರೆ ಸುಮ್ನೆ ಹೂ ಸಿಕ್ಕಿಸಬೇಡಿ. ಹೂವೇ ಬೇಕೆಂದರೆ ಕೊಂಬೆ ಬೋಳಾಗಲಿ, ನೆಲದ ತುಂಬ ಒಣಗಿದ ಎಲೆ ಹರಡಿ.