ಗಿನಿ ಹುಲ್ಲು ಹಳದಿ ಆಗ್ತಿತ್ತು, ಸರಿ ಹೋಯ್ತು (ನನ್ನ ಅನುಭವ)

ನಮ್ದು ಹಾಸನದ ಕಡೆ, ಒಂದು ಎಕರೆ ಗಿನಿ ಹುಲ್ಲಿದೆ, ಹಸುಗಳನ್ನ ಅದ್ರಲ್ಲೇ ಬಿಟ್ಟು ಮೇಯಿಸ್ತೀವಿ. ಎರಡನೇ ವರ್ಷಕ್ಕೆ ಹುಲ್ಲು ತೆಳ್ಳಗಾಗಿ ಹಳದಿ ತಿರುಗ್ತು, ಮಳೆ ಚೆನ್ನಾಗಿದ್ರೂ ಎದ್ದೇಳ್ತಿರಲಿಲ್ಲ. ರೋಗ ಅಂತ ಔಷಧಿ ಹೇಳೋಕೆ ಜನ ರೆಡಿ ಇರ್ತಾರೆ ಬಿಡಿ. ಆದ್ರೆ ಹಸು ಗಂಜಲ ಹುಯ್ದ ಜಾಗದಲ್ಲಿ ಮಾತ್ರ ಹುಲ್ಲು ಕಡು ಹಸಿರಾಗಿ ದಟ್ಟವಾಗಿತ್ತು, ಗಂಜಲದಲ್ಲಿ ಸಾರಜನಕ ಇರುತ್ತಲ್ಲ, ಅಲ್ಲಿಗೆ ಗೊತ್ತಾಯ್ತು ಇದು ಸಾರಜನಕದ ಕೊರತೆ ಅಂತ.

ಈಗ ಒಂದ್ಸಲ ಮೇಯಿಸಿ ಹಸು ಹೊರಗೆ ಹಾಕಿದ್ಮೇಲೆ ಎಕರೆಗೆ ಅರ್ಧ ಮೂಟೆ ಯೂರಿಯಾ ಎರಚ್ತೀನಿ, 45 ಕೆಜಿ ಮೂಟೇಲಿ 46% ಸಾರಜನಕ, ಅಂದ್ರೆ ಅರ್ಧಕ್ಕೆ ಸುಮಾರು 10 ಕೆಜಿ ಬೀಳುತ್ತೆ. ಮುಖ್ಯ ಏನಂದ್ರೆ ಟೈಮಿಂಗು: ನೆಲ ಬರೀ ತೇವ ಇದ್ದು ಮೇಲೆ ಮಳೆ ಬರ್ಲಿಲ್ಲ ಅಂದ್ರೆ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ, ದುಡ್ಡೂ ಹೋಗುತ್ತೆ, ಅದಕ್ಕೆ ಮಳೆ ಬರೋ ಸೂಚನೆ ನೋಡ್ಕೊಂಡು ಹಾಕೋದು, ಇಲ್ಲಾಂದ್ರೆ ಸ್ಪ್ರಿಂಕ್ಲರ್ ಬಿಡೋದು. ಎಲೆ ಒದ್ದೆ ಇದ್ದಾಗ ಹಾಕ್ಬೇಡಿ, ಕಾಳು ಅಂಟಿ ಸುಡುತ್ತೆ.

ಆಮೇಲೆ ಮೂರ್ನಾಲ್ಕು ವಾರ ಹಸು ಒಳಗೆ ಬಿಡಲ್ಲ. ಹೆಚ್ಚು ಸಾರಜನಕ ಹಾಕಿ ಮೋಡ ಮುಚ್ಕೊಂಡ್ರೋ ಬರ ಬಂದ್ರೋ ಹುಲ್ಲಲ್ಲಿ ನೈಟ್ರೇಟ್ ಸೇರಿ ದನಕ್ಕೆ ವಿಷ ಆಗುತ್ತೆ, ರಕ್ತ ಆಮ್ಲಜನಕ ಹೊರೋದೇ ಬಿಟ್ಬಿಡುತ್ತೆ. ಮೂಟೇನೂ ದನದ ಬಾಯಿಗೆ ಸಿಗೋ ಹಾಗೆ ಇಡ್ಬೇಡಿ, ಯೂರಿಯಾ ತಿಂದ್ರೆ ಸತ್ತೇ ಹೋಗುತ್ತೆ.

ಎರಡನೇ ಸುತ್ತಿಗೇ ಹುಲ್ಲು ಮೊಣಕಾಲು ದಾಟ್ತು. ಅಂಚಲ್ಲಿ ಸ್ಟೈಲೋ ಅನ್ನೋ ದ್ವಿದಳ ಮೇವಿನ ಗಿಡದ ಬೀಜಾನೂ ಎರಚಿದೀನಿ, ಅದರ ಬೇರಿನ ಗಂಟು ಗಾಳಿಯ ಸಾರಜನಕ ಹಿಡಿಯುತ್ತಲ್ಲ, ಮುಂದಿನ ವರ್ಷ ಯೂರಿಯಾ ಸ್ವಲ್ಪ ಕಮ್ಮಿ ಮಾಡ್ಬೋದೇನೋ ನೋಡ್ಬೇಕು.